ತೋಟದ ಮನೆಯಲ್ಲಿ ಒಬ್ಬರೇ ಇರುವ ಅಮ್ಮ: ಶುಗರ್ 6.4 ಅಂದರೆ ಖುಷಿಪಡಬೇಕಾ?

ಪ್ರಶ್ನೆ: ಅಮ್ಮನಿಗೆ 76 ವರ್ಷ. ಮೂಡಿಗೆರೆ ಹತ್ತಿರ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಪ್ಪ ತೀರಿಕೊಂಡು ವರ್ಷವಾಯಿತು. ನಾನು ಬೆಂಗಳೂರಿನಲ್ಲಿ, ಅಣ್ಣ ಹೊರದೇಶದಲ್ಲಿ. ಅಮ್ಮನಿಗೆ 18 ವರ್ಷದಿಂದ ಶುಗರ್ ಇದೆ. ಎರಡು ಹೊತ್ತು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ರಾತ್ರಿ 14 ಯೂನಿಟ್ ಇನ್ಸುಲಿನ್. ಒಂದು ದಿನವೂ ತಪ್ಪಿಸುವುದಿಲ್ಲ. ಆದರೂ ಮನೆಯಲ್ಲಿ ನೋಡಿದರೆ ಒಮ್ಮೆ 64, ಒಮ್ಮೆ 240. ಕಳೆದ ತಿಂಗಳು ಎಚ್‌ಬಿಎ1ಸಿ 6.4 ಬಂತು. ಹೋದ ವಾರ ಬೆಳಗಿನ ಜಾವ ಬಚ್ಚಲ ಹತ್ತಿರ ಬಿದ್ದರು. ಮೈಯೆಲ್ಲ ಬೆವರಿತ್ತು, ಏನೇನೋ ಮಾತಾಡುತ್ತಿದ್ದರು ಅಂತ ತೋಟದ ಕೆಲಸಗಾರರ ಲೈನ್ ಮನೆಯ ಹೆಂಗಸು ಹೇಳಿದಳು. ಕಾಫಿ ಕುಡಿದ ಮೇಲೆ ಸರಿಯಾದರಂತೆ. ಮಳೆಗಾಲ ಬಂದರೆ ಕರೆಂಟಿಲ್ಲ, ಫೋನಿಲ್ಲ, ಮನೆಗೆ ಯಾರೂ ಬರುವುದಿಲ್ಲ. ಅಮ್ಮ ಕದ್ದು ಸಿಹಿ ತಿನ್ನುತ್ತಾರೆ ಅಂತ ನನಗೆ ಅನುಮಾನ. ಮಾತ್ರೆ ಜಾಸ್ತಿ ಮಾಡಿಸಬೇಕಾ? ಬೆಂಗಳೂರಿಗೆ ಬನ್ನಿ ಅಂದರೆ ಒಪ್ಪುತ್ತಿಲ್ಲ.

ಉತ್ತರ: ಮಾತ್ರೆ ಜಾಸ್ತಿ ಮಾಡಿಸಬೇಡಿ. ನೀವು ಬರೆದಿರುವುದನ್ನು ನೋಡಿದರೆ, ನಿಮ್ಮ ಅಮ್ಮನಿಗೆ ಈಗ ಕೊಡುತ್ತಿರುವ ಔಷಧಿಯೇ ಜಾಸ್ತಿ ಆಗುತ್ತಿರಬಹುದು. ಮುಂದಿನ ಚೆಕಪ್ ತನಕ ಕಾಯಬೇಡಿ. ಈ ವಾರವೇ ಅವರ ವೈದ್ಯರಿಗೆ ಫೋನ್ ಮಾಡಿ, "64 ಬಂದಿತ್ತು, ಬೆಳಗಿನ ಜಾವ ಬೆವರಿ ಬಿದ್ದರು" ಎಂದು ಇಷ್ಟೇ ಮಾತುಗಳಲ್ಲಿ ಹೇಳಿ. ಆ ಎರಡು ವಾಕ್ಯ ಸಾಕು, ಅವರಿಗೆ ಅರ್ಥವಾಗುತ್ತದೆ.

ಆ ಬೆಳಿಗ್ಗೆ ಆಗಿದ್ದು ಬಹುಮಟ್ಟಿಗೆ ಲೋ ಶುಗರ್. ಕಾಫಿಗೆ ಸಕ್ಕರೆಯೋ ಬೆಲ್ಲವೋ ಹಾಕಿದ್ದಿರಬೇಕು, ಅದಕ್ಕೇ ಸರಿಹೋದರು. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅದನ್ನು ಕಡಿಮೆ ಎನ್ನುತ್ತೇವೆ. 54ಕ್ಕಿಂತ ಕೆಳಗೆ ಹೋದರೆ ಮಿದುಳಿನ ಕೆಲಸವೇ ಏರುಪೇರಾಗುತ್ತದೆ. ವಯಸ್ಸಾದವರಲ್ಲಿ ಒಂದು ತೊಂದರೆ ಇದೆ. ಚಿಕ್ಕವರಿಗೆ ಮೊದಲು ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ಹಸಿವಾಗುತ್ತದೆ. ಬಹಳ ವರ್ಷ ಶುಗರ್ ಇದ್ದವರಿಗೆ ಈ ಮುನ್ಸೂಚನೆಗಳು ಮಂಕಾಗುತ್ತವೆ. ಬಿಪಿಗೆ ಅಥವಾ ಹೃದಯಕ್ಕೆ ಅಂತ ಕೊಡುವ ಕೆಲವು ಮಾತ್ರೆಗಳೂ ನಡುಕ, ಎದೆಬಡಿತ ಎರಡನ್ನೂ ಮುಚ್ಚಿಬಿಡುತ್ತವೆ. ಹೀಗಾಗಿ ನೇರವಾಗಿ ಕಾಣುವುದು ತಲೆಸುತ್ತು, ತೊದಲು ಮಾತು, ಹೆಸರು ಮರೆಯುವುದು, ಬೀಳುವುದು. ನೋಡಿದವರು ವಯಸ್ಸಾಯಿತು, ಅರಳು ಮರಳು ಅಂತ ಸುಮ್ಮನಾಗುತ್ತಾರೆ.

ಜೊತೆಗೆ ಯಾರಾದರೂ ಇದ್ದರೆ ಗಮನಿಸುತ್ತಾರೆ, ಒಂದು ಲೋಟ ಪಾನಕ ಕೊಡುತ್ತಾರೆ. ಒಬ್ಬರೇ ಇದ್ದರೆ? ಮಿದುಳಿಗೇ ಸಕ್ಕರೆ ಸಾಲದಾದಾಗ, ಹೋಗಿ ಸಕ್ಕರೆ ತಿನ್ನಬೇಕು ಎಂಬ ಯೋಚನೆಯೂ ಹೊಳೆಯದೆ ಹೋಗಬಹುದು. ಅದಕ್ಕೇ ಒಂಟಿಯಾಗಿರುವ ಹಿರಿಯರ ವಿಷಯದಲ್ಲಿ ನಾನು 240ಕ್ಕಿಂತ 64ಕ್ಕೆ ಜಾಸ್ತಿ ಹೆದರುತ್ತೇನೆ. 240 ವಾರಗಟ್ಟಲೆ ಹಾಗೇ ಇದ್ದರೆ ಹಾನಿ ಮಾಡುತ್ತದೆ, ನಿಜ. 64 ಒಂದೇ ಬೆಳಿಗ್ಗೆಯಲ್ಲಿ ಸೊಂಟದ ಮೂಳೆ ಮುರಿಯಬಹುದು.

ಈಗ ಆ 6.4ರ ಮಾತಿಗೆ ಬರೋಣ. ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ. 6.4 ಅಂದರೆ ಸುಮಾರು 137ರ ಸರಾಸರಿ. 60 ಮತ್ತು 214ಕ್ಕೂ ಸರಾಸರಿ 137, 130 ಮತ್ತು 144ಕ್ಕೂ 137. ಏರಿಳಿತ ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಇನ್ನೊಂದು ವಿಷಯ. 40 ವರ್ಷದವರ ಗುರಿ 76 ವರ್ಷದವರ ಗುರಿಯಲ್ಲ. ಆರೋಗ್ಯ ಚೆನ್ನಾಗಿರುವ ಹಿರಿಯರಿಗೆ 7ರಿಂದ 7.5ರ ಒಳಗೆ ಇದ್ದರೆ ಸಾಕು. ಬೇರೆ ಬೇರೆ ಕಾಯಿಲೆಗಳಿದ್ದು, ಲೋ ಶುಗರ್ ಆಗುತ್ತಿದ್ದರೆ 8ರ ಒಳಗೆ ಇಟ್ಟರೂ ಸರಿಯೇ. ಅಮೆರಿಕದ ಡಯಾಬಿಟಿಸ್ ಸಂಸ್ಥೆಯ ಮಾರ್ಗಸೂಚಿಯೂ ಹಿರಿಯರಿಗೆ ಇದೇ ರೀತಿ ಸಡಿಲ ಗುರಿ ಹೇಳುತ್ತದೆ. ಎರಡನೆಯ ಗುಂಪಿನವರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 90ರಿಂದ 150, ಮಲಗುವಾಗ 100ರಿಂದ 180 ಇದ್ದರೆ ಒಳ್ಳೆಯದೇ. ಇನ್ಸುಲಿನ್ ತೆಗೆದುಕೊಳ್ಳುವ 76ರ ಒಂಟಿ ಹೆಂಗಸಿಗೆ 6.4 ಬಂತು ಅಂದರೆ ನಾನು ಶಭಾಷ್ ಹೇಳುವುದಿಲ್ಲ. "ರಾತ್ರಿ ಎಷ್ಟು ಸಲ ಕೆಳಗೆ ಹೋಗುತ್ತಿದೆ?" ಅಂತ ಕೇಳುತ್ತೇನೆ. ರಕ್ತಹೀನತೆ ಅಥವಾ ಕಿಡ್ನಿ ತೊಂದರೆ ಇದ್ದರೆ ಆ ಅಂಕಿಯೇ ತಪ್ಪು ತೋರಿಸಬಹುದು, ಅದನ್ನೂ ವೈದ್ಯರು ನೋಡಬೇಕು.

ಹಾಗಾದರೆ ಏರಿಳಿತ ಯಾಕೆ? ಕದ್ದು ತಿನ್ನುವ ಅನುಮಾನ ಸ್ವಲ್ಪ ಪಕ್ಕಕ್ಕಿಡಿ. ಅಪ್ಪ ಇದ್ದಾಗ ಎಂಟಕ್ಕೆ ಕಡುಬೋ ಅಕ್ಕಿ ರೊಟ್ಟಿಯೋ, ಒಂದಕ್ಕೆ ಊಟ, ರಾತ್ರಿ ಎಂಟಕ್ಕೆ ಮತ್ತೆ ಊಟ ಇತ್ತು, ಅಲ್ವಾ? ಅವರಿಗೆ ಬಡಿಸುವ ನೆಪದಲ್ಲಿ ಅಮ್ಮನೂ ಉಣ್ಣುತ್ತಿದ್ದರು. ಈಗ "ನನ್ನೊಬ್ಬಳಿಗೆ ಏನು ಅಡುಗೆ" ಅಂತ ಒಲೆಯನ್ನೇ ಹಚ್ಚದ ದಿನಗಳಿರಬಹುದು. ಬೆಳಿಗ್ಗೆ ಕಾಫಿಗೆ ಎರಡು ರಸ್ಕ್. ಮಧ್ಯಾಹ್ನ ನಿನ್ನೆಯ ಸಾರಿಗೆ ಒಂದು ತಟ್ಟೆ ಅನ್ನ. ರಾತ್ರಿ ಹಸಿವಿಲ್ಲ ಅಂತ ಹಾಗೇ ಮಲಗುವುದು. ನನ್ನ ಹತ್ತಿರ ಬರುವ ಒಂಟಿ ಹಿರಿಯರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗುತ್ತದೆ, ಊಟ ಹೋಗುವುದಿಲ್ಲ. ಯಾಕೆಂದರೆ ಮಾತ್ರೆ ತಪ್ಪಿಸಿದರೆ ಮಕ್ಕಳು ಬಯ್ಯುತ್ತಾರೆ, ಊಟದ ಬಗ್ಗೆ ಯಾರೂ ಕೇಳುವುದಿಲ್ಲ.

ಗ್ಲಿಮೆಪಿರೈಡ್ ಎಂಬ ಮಾತ್ರೆಗೆ ನೀವು ಉಂಡಿದ್ದೀರೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಅದೇ ಗುಂಪಿನ ಹಳೆಯ ಮಾತ್ರೆ ಗ್ಲಿಬೆನ್‌ಕ್ಲಮೈಡ್ ಇನ್ನೂ ಅಪಾಯದ್ದು, ಹಿರಿಯರಿಗೆ ಕೊಡಲೇಬಾರದು ಎಂಬಷ್ಟು. ವಯಸ್ಸಾದಂತೆ ಕಿಡ್ನಿ ನಿಧಾನವಾದರೆ ಈ ಔಷಧಿಗಳೂ ಇನ್ಸುಲಿನ್ನೂ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ. ಐದು ವರ್ಷದ ಹಿಂದೆ ಸರಿಯಾಗಿದ್ದ ಡೋಸ್ ಈಗ ಹೆಚ್ಚಾಗುತ್ತದೆ. ರಾತ್ರಿ ಊಟ ಬಿಟ್ಟು ಗ್ಲಿಮೆಪಿರೈಡ್ ನುಂಗಿ, ಮೇಲೆ 14 ಯೂನಿಟ್ ಚುಚ್ಚಿಕೊಂಡರೆ ಬೆಳಗಿನ ಜಾವ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಹೀಗೆ ಸಕ್ಕರೆ ಇಳಿಯುವುದು ಅಪರೂಪ. ನಿಮ್ಮ ಅಮ್ಮನ ಮಾತ್ರೆ ಎರಡೂ ಸೇರಿದ್ದು. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಲು ಚೀಟಿಯೇ ಬದಲಾಗಬೇಕು.

ಮತ್ತೆ ಆ 240? ತಲೆ ಸುತ್ತಿದಾಗ ಗಾಬರಿಯಲ್ಲಿ ನಾಲ್ಕು ಬಿಸ್ಕೆಟ್, ಬೆಲ್ಲದ ಕಾಫಿ, ಬಾಳೆಹಣ್ಣು ಎಲ್ಲ ತಿಂದಿದ್ದರೆ ಎರಡು ಗಂಟೆಯ ನಂತರ 240 ಬರುವುದು ಸಹಜ. ಅದು ಕದ್ದು ತಿಂದದ್ದಲ್ಲ. ಮೈ ಕೇಳಿತು, ತಿಂದರು.

ವೈದ್ಯರಿಗೆ ಇಷ್ಟನ್ನು ಕೇಳಿ. ರಾತ್ರಿಯ ಗ್ಲಿಮೆಪಿರೈಡ್ ಬೇಕೇ? ಲೋ ಶುಗರ್ ತರದ ಬೇರೆ ಗುಂಪಿನ ಮಾತ್ರೆಗೆ ಬದಲಾಯಿಸಬಹುದೇ? ಇನ್ಸುಲಿನ್ ಕಡಿಮೆ ಮಾಡಿ ಬೆಳಗಿನ ಹೊತ್ತಿಗೆ ತರಬಹುದೇ? ಉಣ್ಣದ ದಿನ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು? ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಯಾವಾಗ ಆಗಿತ್ತು ನೋಡಿ. ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ಇದ್ದರೆ ವಿಟಮಿನ್ ಬಿ12 ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ. ಅದು ಕಡಿಮೆಯಾದರೆ ಕಾಲು ಜುಮ್ಮೆನ್ನುತ್ತದೆ, ಮರೆವು ಬರುತ್ತದೆ, ಅದೂ ಶುಗರಿನ ಲೆಕ್ಕಕ್ಕೇ ಸೇರಿಹೋಗುತ್ತದೆ. ಡೋಸನ್ನು ನೀವೇ ಬದಲಾಯಿಸಬೇಡಿ. ಆದರೆ ವೈದ್ಯರು ಸಿಗುವ ತನಕ ಒಂದು ನಿಯಮ ಅಮ್ಮನಿಗೆ ಹೇಳಿಬಿಡಿ: ತಟ್ಟೆ ಮುಂದೆ ಬಂದ ಮೇಲೆಯೇ ಮಾತ್ರೆ. ತಟ್ಟೆ ಇಲ್ಲದಿದ್ದರೆ ನುಂಗುವ ಮುಂಚೆ ಫೋನ್.

ಲೋ ಶುಗರಿಗೆ ಮನೆಯಲ್ಲೇ ಮದ್ದಿದೆ. ಮೂರು ಚಿಕ್ಕ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಯುವುದು. 15 ನಿಮಿಷ ಬಿಟ್ಟು ನೋಡುವುದು. ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ. ಸರಿಯಾದ ಮೇಲೆ ಒಂದು ರೊಟ್ಟಿ ಅಥವಾ ಸ್ವಲ್ಪ ಅನ್ನ. ಮಷಿನ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬಾರದು, ಮೊದಲು ಸಕ್ಕರೆ. ಗ್ಲೂಕೋಸ್ ಪುಡಿಯ ಪ್ಯಾಕೆಟ್ ಮಂಚದ ಪಕ್ಕ ಒಂದು, ಅಡುಗೆಮನೆಯಲ್ಲಿ ಒಂದು, ಬಚ್ಚಲ ಬಾಗಿಲ ಹತ್ತಿರ ಒಂದು ಇರಲಿ. ಮೈಸೂರು ಪಾಕಾಗಲಿ ಚಾಕೊಲೇಟಾಗಲಿ ಈ ಹೊತ್ತಿಗೆ ಬೇಡ. ಕೊಬ್ಬಿದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಲೈನ್ ಮನೆಯ ಆ ಹೆಂಗಸಿಗೂ ಇದನ್ನು ಹೇಳಿಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ನೀರಾಗಲಿ ಕಾಫಿಯಾಗಲಿ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಸಕ್ಕರೆ ಸರಿಯಾದರೂ ಮಾತು ತೊದಲುತ್ತಿದ್ದರೆ, ಒಂದು ಕಡೆ ಕೈಕಾಲು ಸೋತಿದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗ ಮನೆಯಲ್ಲಿ ಕಾಯುವಂತಿಲ್ಲ.

ಊಟದ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ರುಚಿಸದಿರಬಹುದು. 76ರಲ್ಲಿ ಅನ್ನ ಬಿಡಿ, ಅಕ್ಕಿ ರೊಟ್ಟಿ ಬಿಡಿ, ಬರೀ ಮುದ್ದೆ ತಿನ್ನಿ ಅಂತ ಹೇಳುವುದು ಸುಮ್ನೆ ಹಿಂಸೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಇದೆ, ಒಳ್ಳೆಯದೇ. ಆದರೆ ರಾಗಿ ಹಿಟ್ಟೂ ಪಿಷ್ಟವೇ. ದೊಡ್ಡ ಮುದ್ದೆ ಎರಡು ನುಂಗಿದರೆ ಅದೂ ಏರಿಸುತ್ತದೆ. ಬೆಲ್ಲವೂ ಸಕ್ಕರೆಯ ಹಾಗೇ ಏರಿಸುತ್ತದೆ, ಬಣ್ಣ ನೋಡಿ ಮೋಸ ಹೋಗಬೇಡಿ. ಅಮ್ಮನ ತಟ್ಟೆಯಲ್ಲಿ ನಿಜವಾಗಿ ಕಡಿಮೆ ಇರುವುದು ಕಾಳು, ಮೊಟ್ಟೆ, ಮೀನು, ಮೊಸರು, ಸೊಪ್ಪು. ಒಂಟಿ ಹಿರಿಯರು ಸಣ್ಣಗಾಗುವುದು ಇದರಿಂದ. ಮಾಂಸಖಂಡ ಕರಗಿದರೆ ಶುಗರ್ ಕಟ್ಟಿಡುವುದು ಕಷ್ಟ, ಬೀಳುವುದು ಸುಲಭ. ಎರಡು ಕಡುಬಿಗೆ ಒಂದು ಬಟ್ಟಲು ಹೆಸರುಕಾಳಿನ ಪಲ್ಯ, ಒಂದು ರೊಟ್ಟಿಗೆ ಹುರುಳಿ ಬಸ್ಸಾರಿನ ಕಾಳು, ಅಭ್ಯಾಸವಿದ್ದರೆ ಒಂದು ಮೊಟ್ಟೆ. ಕಳಲೆ, ಕೆಸುವಿನ ಸೊಪ್ಪು, ಮಳೆಗಾಲದ ಅಣಬೆ ಎಲ್ಲ ತಿನ್ನಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಕಾಳು ಮೊಟ್ಟೆಯ ಪ್ರಮಾಣ ವೈದ್ಯರನ್ನು ಕೇಳಿ. ಹಲಸಿನ ಹಣ್ಣು ಎರಡು ತೊಳೆ ತಿಂದರೆ ಪ್ರಳಯವಾಗುವುದಿಲ್ಲ. ಅರ್ಧ ಹಣ್ಣನ್ನು ಊಟದ ಬದಲು ತಿಂದರೆ ತೊಂದರೆ.

ಒಬ್ಬರಿಗೆ ಅಡುಗೆ ಮಾಡಲು ಬೇಸರ ಎಂಬುದನ್ನು ಉಪದೇಶದಿಂದ ಬದಲಾಯಿಸಲು ಆಗುವುದಿಲ್ಲ. ದಿನಕ್ಕೆ ಒಂದು ಹೊತ್ತಾದರೂ ಇನ್ನೊಬ್ಬರ ಜೊತೆ ಉಣ್ಣುವ ಏರ್ಪಾಡು ಮಾಡಿ. ಲೈನ್ ಮನೆಯ ಹೆಂಗಸಿಗೆ ಸಂಬಳ ಕೊಟ್ಟು ಮಧ್ಯಾಹ್ನ ಅಲ್ಲೇ ಅಡುಗೆ ಮಾಡಿ, ಅಮ್ಮನ ಜೊತೆಗೇ ಕೂತು ಉಣ್ಣಲು ಹೇಳಿ. ನನ್ನ ಪ್ರಕಾರ ಹೊಸ ಮಾತ್ರೆಗೆ ಹಾಕುವ ದುಡ್ಡಿಗಿಂತ ಇದು ಒಳ್ಳೆಯ ಖರ್ಚು. ರಾತ್ರಿ ನೀವು ವಿಡಿಯೋ ಕಾಲ್ ಮಾಡುವ ಹೊತ್ತನ್ನು ಅವರ ಊಟದ ಹೊತ್ತಿಗೆ ಬದಲಾಯಿಸಿ. ನಿಮ್ಮ ತಟ್ಟೆಯೂ ಎದುರಿಗಿರಲಿ. "ಶುಗರ್ ಎಷ್ಟು ಬಂತು?" ಎಂದು ಮಾತು ಶುರು ಮಾಡಬೇಡಿ. ಹಾಗೆ ಕೇಳಿದರೆ ಅಮ್ಮ ಅಂಕಿ ಸುಳ್ಳು ಹೇಳಲು ಕಲಿಯುತ್ತಾರೆ. ಮಕ್ಕಳಿಗೆ ಬೇಜಾರಾಗದಿರಲಿ ಅಂತ 240 ಅನ್ನು 140 ಮಾಡಿ ಹೇಳುವ ಎಷ್ಟೋ ತಾಯಂದಿರಿದ್ದಾರೆ. "ಇವತ್ತು ಏನು ಸಾರು?" ಎಂದು ಕೇಳಿ. ಆ ಉತ್ತರದಲ್ಲಿ ನಿಮಗೆ ಬೇಕಾದ್ದೆಲ್ಲ ಇರುತ್ತದೆ.

ಮನಸ್ಸಿನ ವಿಷಯ ಇನ್ನೂ ಒಂದಿದೆ. ಗಂಡ ಹೋದ ವರ್ಷದಲ್ಲಿ ದುಃಖ ಇರುವುದು ಕಾಯಿಲೆಯಲ್ಲ. ಆದರೆ ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ಸದಾ ಮನಸ್ಸು ಕುಗ್ಗಿದೆ, ನಿದ್ದೆಯಿಲ್ಲ, "ಇನ್ನೇನು ಬದುಕಿ" ಎಂಬ ಮಾತು ಬರುತ್ತಿದೆ ಎಂದರೆ ಅದು ಖಿನ್ನತೆ ಇರಬಹುದು. ಶುಗರ್ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಜಾಸ್ತಿ. ಖಿನ್ನತೆ ಬಂದರೆ ಶುಗರ್ ನೋಡಿಕೊಳ್ಳುವ ಮನಸ್ಸೂ ಹೋಗುತ್ತದೆ. ಇದಕ್ಕೆ ಚಿಕಿತ್ಸೆ ಇದೆ, ಕೇಳಲು ಸಂಕೋಚ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಒಂಟಿತನದ ಮೇಲೆ ದೊಡ್ಡ ವರದಿಯನ್ನೇ ಕೊಟ್ಟಿತು. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಕಾಟವಿದೆ ಎಂದಿತು. ವರದಿ ಬರುವ ಮುಂಚೆಯೇ ನಮ್ಮ ಕಡೆಯ ತೋಟದ ಮನೆಗಳಲ್ಲಿ ಇದು ಗೊತ್ತಿತ್ತು ಬಿಡಿ. ಮಕ್ಕಳೆಲ್ಲ ಬೆಂಗಳೂರು, ಮನೆಯಲ್ಲಿ ಒಬ್ಬರೋ ಇಬ್ಬರೋ ಹಿರಿಯರು, ಪಕ್ಕದ ಮನೆ ಅಂದರೆ ಅರ್ಧ ಮೈಲಿ ದೂರ.

ಮಳೆಗಾಲದ ತಯಾರಿಯನ್ನು ಮೇ ತಿಂಗಳಲ್ಲೇ ಮಾಡಿ. 2019ರ ಆಗಸ್ಟ್ ಮಳೆ ನಿಮಗೆ ನೆನಪಿರಬೇಕು, ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯೂ ಬಂದಾಗಿತ್ತು. ಎರಡು ತಿಂಗಳಿಗಾಗುವ ಮಾತ್ರೆ, ಇನ್ಸುಲಿನ್, ಸೂಜಿ, ಶುಗರ್ ನೋಡುವ ಸ್ಟ್ರಿಪ್ ಮನೆಯಲ್ಲಿರಲಿ. ಕರೆಂಟ್ ಹೋಯಿತೆಂದು ಇನ್ಸುಲಿನ್ ಬಗ್ಗೆ ಗಾಬರಿ ಬೇಡ. ಬಳಸುತ್ತಿರುವ ಇನ್ಸುಲಿನ್ ಪೆನ್ನು 30 ಡಿಗ್ರಿ ಮೀರದ ಕೋಣೆಯಲ್ಲಿ ಸಾಮಾನ್ಯವಾಗಿ 28 ದಿನ ಕೆಡುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ಸೆಕೆ ಎಲ್ಲಿ? ಒಲೆ ಹತ್ತಿರದ ಗೂಡಿನಲ್ಲಿ ಮಾತ್ರ ಇಡಬೇಡಿ. ತೆರೆಯದ ಪೆನ್ನುಗಳು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಸ್ಟ್ರಿಪ್‌ಗೆ ಶತ್ರು ತೇವ. ಅದರ ಡಬ್ಬಿಯಲ್ಲೇ ಇರಲಿ, ಒಂದನ್ನು ತೆಗೆದ ಕೂಡಲೇ ಮುಚ್ಚಳ ಹಾಕಬೇಕು. ಹಣ್ಣು ಬಿಡಿಸಿದ ಕೈಯಲ್ಲೇ ಚುಚ್ಚಿದರೆ ಇಲ್ಲದ 300 ಬರುತ್ತದೆ. ಸೋಪು ಹಾಕಿ ತೊಳೆದು ಒರೆಸಿಕೊಂಡೇ ನೋಡಬೇಕು. ಪೆನ್ನಿನ ಅಂಕಿ ಅಮ್ಮನಿಗೆ ಸರಿಯಾಗಿ ಕಾಣುತ್ತದೆಯೇ ಎಂದು ನೀವೇ ಒಮ್ಮೆ ಎದುರಿಗೆ ಕೂತು ನೋಡಿ. ಪೊರೆ ಬಂದಿದ್ದರೆ 14ರ ಬದಲು 24 ತಿರುಗಿಸುವುದು ಕಷ್ಟವೇನಲ್ಲ.

ಹಗಲು ರಾತ್ರಿ ಶುಗರ್ ಅಳೆಯುವ, ತೋಳಿಗೆ ಅಂಟಿಸುವ ಸೆನ್ಸರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಸಲ ಎರಡು ವಾರ ಹಾಕಿಸಿದರೆ ರಾತ್ರಿ ಏನಾಗುತ್ತಿದೆ ಎಂದು ನಿಚ್ಚಳವಾಗಿ ಕಾಣುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ಅಮ್ಮನ ಫೋನಿನಲ್ಲಿ ದಾಖಲಾಗುತ್ತದೆ. ನೀವು ಬೆಂಗಳೂರಿನಲ್ಲಿ ನೋಡಬೇಕೆಂದರೆ ಮಾತ್ರ ಇಂಟರ್ನೆಟ್ ಬೇಕು. ದುಬಾರಿ, ಯಾವಾಗಲೂ ಬೇಕಿಲ್ಲ. ಡೋಸ್ ಬದಲಾಯಿಸುವ ಈ ಹೊತ್ತಿನಲ್ಲಿ ಒಮ್ಮೆ ಉಪಯೋಗವಾದೀತು.

ಕಾಲಿನ ಮಾತು. 18 ವರ್ಷದ ಶುಗರಿನಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿರುವ ಸಾಧ್ಯತೆ ಬಹಳ. ಮಲೆನಾಡಿನಲ್ಲಿ ಇದಕ್ಕೆ ಎರಡು ಅಪಾಯ ಜಾಸ್ತಿ. ಒಂದು ಇಂಬಳ, ಅಂದರೆ ಜಿಗಣೆ. ಅದು ಕಚ್ಚಿದ್ದು ಆರೋಗ್ಯವಂತರಿಗೇ ಗೊತ್ತಾಗುವುದಿಲ್ಲ. ಕಿತ್ತು ಎಳೆದು, ಹೊಗೆಸೊಪ್ಪು ಸುಣ್ಣ ಹಚ್ಚಿ, ಆಮೇಲೆ ವಾರಗಟ್ಟಲೆ ಕೆರೆದು ಹುಣ್ಣು ಮಾಡಿಕೊಳ್ಳುತ್ತಾರೆ. ಉಗುರಿನಿಂದ ಮೆಲ್ಲಗೆ ಜಾರಿಸಿ ಬಿಡಿಸಿ, ಸೋಪಿನ ನೀರಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನಿಲ್ಲುವುದು ತಡ, ಒತ್ತಿ ಹಿಡಿದೇ ಇರಬೇಕು. ಎರಡನೆಯದು ಬೆಂಕಿ. ಚಳಿಗೆ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂರುವುದು ಎಲ್ಲರಿಗೂ ಇಷ್ಟ. ಸ್ಪರ್ಶವಿಲ್ಲದ ಕಾಲು ಬೆಂದರೂ ತಿಳಿಯುವುದಿಲ್ಲ. ಬಿಸಿನೀರಿನ ಚೀಲವೂ ಹಾಗೇ. ಉಣ್ಣೆಯ ಕಾಲುಚೀಲ ಹಾಕಿಕೊಳ್ಳಲಿ. ದಿನಾ ಸಂಜೆ ಕಾಲು ತೊಳೆದು, ಬೆರಳ ಸಂದು ಒರೆಸಿ, ಕನ್ನಡಿ ಹಿಡಿದು ಅಂಗಾಲು ನೋಡಬೇಕು. ಕೆಂಪು, ಗುಳ್ಳೆ, ಕೀವು ಏನೇ ಕಂಡರೂ ಮಳೆ ನಿಲ್ಲಲಿ ಅಂತ ಕಾಯಬಾರದು.

ನಡೆಯಲು ಮಳೆಯಲ್ಲಿ ಹೊರಗೆ ಹೋಗುವುದು ಬೇಡ, ಕಣವೆಲ್ಲ ಪಾಚಿ ಕಟ್ಟಿರುತ್ತದೆ. ಊಟವಾದ ಮೇಲೆ ಜಗಲಿಯಲ್ಲಿ ಹತ್ತು ನಿಮಿಷ ಓಡಾಡಲಿ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಲಿ. ಖಾಲಿ ಹೊಟ್ಟೆಯಲ್ಲಿ ಬೇಡ.

ಜ್ವರ, ವಾಂತಿ, ಭೇದಿ ಬಂದ ದಿನ ಲೆಕ್ಕ ಬೇರೆ. ಉಪ್ಪು ಹಾಕಿದ ಗಂಜಿ, ನೀರು ಆಗಾಗ ಕುಡಿಯಲಿ, ಹಿರಿಯರಿಗೆ ಬಾಯಾರಿಕೆ ಗೊತ್ತಾಗುವುದು ಕಡಿಮೆ. ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಲಿ. ವಾಂತಿ ಭೇದಿಯಲ್ಲಿ ಮೆಟ್‌ಫಾರ್ಮಿನ್ ನಿಲ್ಲಿಸಬೇಕಾಗಬಹುದು. ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ಕೇಳದೆ ಮಾಡಬಾರದು. ಮತ್ತೆ ಮತ್ತೆ 300 ಮೀರಿದರೆ, ಕುಡಿದದ್ದು ನಿಲ್ಲದಿದ್ದರೆ, ಮಂಪರು ಬಂದರೆ ಆಸ್ಪತ್ರೆಗೆ. ಆ ರಾತ್ರಿ ಯಾರ ಜೀಪು ಬರುತ್ತದೆ ಎಂದು ಈಗಲೇ ಮಾತಾಡಿಟ್ಟುಕೊಳ್ಳಿ, ಆಂಬುಲೆನ್ಸ್ ತೋಟದ ರಸ್ತೆಗೆ ಇಳಿಯುವುದು ಖಾತ್ರಿಯಿಲ್ಲ.

ಊರಿನ ಆಶಾ ಕಾರ್ಯಕರ್ತೆಯ ನಂಬರ್ ನಿಮ್ಮ ಹತ್ತಿರ ಇದೆಯೇ? ಇಲ್ಲದಿದ್ದರೆ ತೆಗೆದುಕೊಳ್ಳಿ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಅದರಲ್ಲಿ ಬಿಪಿ, ಶುಗರ್ ಪರೀಕ್ಷೆಗೆ ಸಿಬ್ಬಂದಿ ಮನೆಗೇ ಬರುತ್ತಾರೆ. ಅಮ್ಮನ ಹೆಸರು ಸೇರಿದೆಯೇ ಎಂದು ಕೇಳಿ. ದಿನಾ ಬೆಳಿಗ್ಗೆ ಮನೆ ಮುಂದೆ ಹಾದು ಡೈರಿಗೆ ಹಾಲು ಒಯ್ಯುವವರು ಯಾರಾದರೂ ಇದ್ದೇ ಇರುತ್ತಾರೆ. "ಏಳು ಗಂಟೆಗೆ ಬಾಗಿಲು ತೆಗೆದಿಲ್ಲ ಅಂದರೆ ಕೂಗಿ ನೋಡಿ, ಉತ್ತರ ಬರದಿದ್ದರೆ ಒಳಗೆ ಹೋಗಿ" ಎಂದು ಅವರಿಗೆ ಹೇಳಿಡಿ. ಒಂದು ಬೀಗದ ಕೈ ಲೈನ್ ಮನೆಯಲ್ಲಿರಲಿ. ಫೋನ್ ಸತ್ತ ದಿನ ಕೆಲಸಕ್ಕೆ ಬರುವುದು ಇದೇ.

ಬೆಂಗಳೂರಿಗೆ ಕರೆತರುವ ವಿಷಯದಲ್ಲಿ ಅವಸರ ಬೇಡ. ಹತ್ತನೇ ಮಹಡಿಯಲ್ಲಿ, ನೀವೆಲ್ಲ ಕೆಲಸಕ್ಕೆ ಹೋದ ಮೇಲೆ ಅವರು ಇನ್ನೂ ಒಂಟಿಯಾಗಬಹುದು. ಡೋಸ್ ಬದಲಾದ ಮೊದಲ ಎರಡು ವಾರ ಸಾಧ್ಯವಾದರೆ ನೀವೇ ಅಲ್ಲಿಗೆ ಹೋಗಿ ಇರಿ. ಬೆಳಿಗ್ಗೆ ಎದ್ದಾಗ, ಮಲಗುವ ಮುಂಚೆ, ಒಂದೆರಡು ದಿನ ರಾತ್ರಿ ಮೂರಕ್ಕೆ ಎದ್ದು ಶುಗರ್ ನೋಡಿ. ಜೊತೆಗೆ ಏನು ಉಂಡರು ಎಂದೂ ಬರೆದಿಡಿ. ಆ ಹಾಳೆಯನ್ನೂ ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿಗಳನ್ನೂ, ನಾಟಿ ಔಷಧಿ ಇದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಹತ್ತಿರ ಹೋಗಿ.